ನೀರು ಅಂದುಕೊಂಡಿದ್ದು ನೀರಾಗಿರಲಿಲ್ಲ

ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಪುಣೆಗೆ ಬಂದಾಗ ನನಗೆ ಸಿಕ್ಕ ಮೊದಲ ಕೆಲಸ ಶಿಫ್ ಬೇಸ್ ಆಲಿಗೊಮರ್ ಮಾಡುವುದು. ಆಲಿಗೊಮರ್ ಅಂದರೆ ಒಂದೇ ಬಗೆಯ ಕೆಲವು ಘಟಕಗಳು ಕೂಡಿದ ಗಿಡ್ಡ ಸರಪಳಿ. ಆಲ್ಡಿಹೈಡ್ ಮತ್ತು ಅಮೀನ್ ಸೇರಿದರೆ ನೀರು ಹೊರಬಿದ್ದು ಇಮೈನ್ (ಕಾರ್ಬನ್-ನೈಟ್ರೋಜನ್ ಜೋಡಿಬಂಧ) ಆಗುತ್ತದೆ, ಅದೇ ಶಿಫ್ ಬೇಸ್. ಹ್ಯೂಗೋ ಶಿಫ್ 1864ರಲ್ಲೇ ತೋರಿಸಿದ್ದು.

ಸ್ಯಾಲಿಸಿಲಾಲ್ಡಿಹೈಡ್, ಪ್ಯಾರಾ ಅಮಿನೋಫೀನಾಲ್ ಎರಡನ್ನೂ ಸಮ ಮೋಲ್ ತೆಗೆದುಕೊಂಡು ಮೆಥನಾಲ್‌ನಲ್ಲಿ 3 ಗಂಟೆ ರಿಫ್ಲಕ್ಸ್ ಮಾಡಿದೆ, ಅಂದರೆ ಆವಿ ತಣಿದು ವಾಪಸ್ ಬೀಳುವಂತೆ ಕುದಿಸಿದೆ. ತಣ್ಣಗಾದ ಮೇಲೆ ಹರಳು ಬಿತ್ತು. ಇಲ್ಲಿವರೆಗೆ ಸಲೀಸು.

ಮುಂದೆ ಅದನ್ನು ಕಾಸ್ಟಿಕ್ ಪೊಟ್ಯಾಶ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ನೀರಿನಲ್ಲಿ ಕರಗಿಸಿ, 90 ಡಿಗ್ರಿಯಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಹನಿಹನಿಯಾಗಿ ಬಿಟ್ಟೆ. ಫೀನಾಲ್ ಉಂಗುರಗಳು ಒಂದಕ್ಕೊಂದು ಕೂಡಿಕೊಂಡಂತೆ ಬಣ್ಣ ಕಪ್ಪಿಗೆ ತಿರುಗಿತು. ಕೊನೆಗೆ ಆಸಿಡ್ ಹಾಕಿ ನ್ಯೂಟ್ರಲ್ ಮಾಡಬೇಕು. ಅವಸರಕ್ಕೆ ಜಾಸ್ತಿ ಸುರಿದೆ. ಕಹಿ ಬಾದಾಮಿ ವಾಸನೆ ಬಂತು! ಇಮೈನ್ ಒಡೆದು ಆಲ್ಡಿಹೈಡ್ ವಾಪಸ್ ಬಂದಿತ್ತು. ಹೈಪೋಕ್ಲೋರೈಟ್ ಉಳಿದಿದ್ದರೆ ಕ್ಲೋರಿನ್ ಕೂಡ ಬರುತ್ತದೆ, ಫ್ಯೂಮ್ ಹುಡ್ ಬಿಟ್ಟು ಈಚೆ ಮಾಡಬೇಡಿ.

ಎರಡನೇ ಸಲದ ಪುಡಿಯನ್ನು ಡಿಎಂಎಫ್ ಎಂಬ ದ್ರಾವಕದಲ್ಲಿ ಕರಗಿಸಿ ಕಾಪರ್ ಅಸಿಟೇಟ್ ಸೇರಿಸಿ, ತಾಮ್ರವನ್ನು ಆಲಿಗೊಮರ್ ಹಿಡಿದುಕೊಂಡ ಕಾಂಪ್ಲೆಕ್ಸ್ ಮಾಡಿದೆ. ಗಾಳಿಯಲ್ಲಿ, ನಿಮಿಷಕ್ಕೆ 10 ಡಿಗ್ರಿಯಂತೆ ಟಿಜಿಎ (ಬಿಸಿ ಮಾಡುತ್ತಾ ತೂಕ ಎಷ್ಟು ಇಳಿಯುತ್ತದೆ ಅಂತ ಅಳೆಯುವ ಪರೀಕ್ಷೆ) ಹಾಕಿಸಿದೆ. 150ರಿಂದ 200 ಡಿಗ್ರಿ ನಡುವೆ 7% ತೂಕ ಇಳಿಯಿತು. ಎರಡು ಘಟಕಕ್ಕೆ ಒಂದು ತಾಮ್ರ, ಎರಡು ನೀರು ಅಂತ ಹಿಡಿದರೆ ಲೆಕ್ಕಕ್ಕೆ 6.9% ಬರುತ್ತದೆ. ಹೋಗಿದ್ದು ನೀರೇ ಅಂದುಕೊಂಡೆ. ಕೊನೆಗೆ ಉಳಿದ ಕಾಪರ್ ಆಕ್ಸೈಡ್ 15.3%, ಅದೂ ಲೆಕ್ಕಕ್ಕೆ ಕರೆಕ್ಟ್. ಖುಷಿಯಲ್ಲಿ ಎಲ್ಲರಿಗೂ ಚಹಾ ಕೊಡಿಸಿದೆ.

ವಿಜಯಪುರದ ಸೀನಿಯರ್ ಅಕ್ಕ ಮಾತ್ರ ಐಆರ್ ಶೀಟ್ (ಯಾವ ಬಂಧ ಯಾವ ಇನ್‌ಫ್ರಾರೆಡ್ ಬೆಳಕು ಹೀರುತ್ತದೆ ಅಂತ ತೋರಿಸುವ ಗ್ರಾಫ್, ಸೆಂ.ಮೀ.⁻¹ ಅಳತೆಯಲ್ಲಿ) ಕೈಗೆತ್ತಿಕೊಂಡರು. "ತಮ್ಮಾ, 1660ರ ಹತ್ರ ಇದೇನಿದು ಗೂನು?" ಅಂದರು. ಇಮೈನ್ ಪೀಕ್ ತಾಮ್ರ ಹಿಡಿದು 1620ರಿಂದ 1605ಕ್ಕೆ ಇಳಿದಿದ್ದನ್ನಷ್ಟೇ ನಾನು ನೋಡಿದ್ದೆ. ಆ ಗೂನು ಡಿಎಂಎಫ್‌ದು, 7% ಆಗಿ ಹೋಗಿದ್ದೂ ನೀರಲ್ಲ, ಅದೇ. ಅದು ಕುದಿಯುವುದೇ 153 ಡಿಗ್ರಿಗೆ, ಪುಡಿಯೊಳಗೆ ಸಿಕ್ಕಿಕೊಂಡಿದ್ದರೆ ಇನ್ನೂ ಮೇಲೆ ಹೋಗುತ್ತದೆ.

ಹಾಗಾದರೆ ಆಕ್ಸೈಡ್ ಲೆಕ್ಕ ಹೇಗೆ ಕೂಡಿತು? ಅಲ್ಲೇ ನಾನು ಏಮಾರಿದ್ದು. ನೀರಿಲ್ಲದ ಕಾಂಪ್ಲೆಕ್ಸ್ ಉಳಿಸಬೇಕಾದ್ದು 16.4%. ಅದರಲ್ಲಿ 7% ಬೇರೇನೇ ಬೆರೆತಿದ್ದರೂ ಉಳಿಯುವುದು 15.3% ತಾನೇ! ಎರಡು ಸಾಕ್ಷಿ ಅಂದುಕೊಂಡಿದ್ದು ಒಂದೇ ಸಾಕ್ಷಿ.

ಬಿಸಿ ಮೆಥನಾಲ್‌ನಲ್ಲಿ ಮೂರು ಸಲ ತೊಳೆದು, ವ್ಯಾಕ್ಯೂಮ್ ಓವನ್‌ನಲ್ಲಿ 80 ಡಿಗ್ರಿಗೆ ಇಡೀ ದಿನ ಇಟ್ಟೆ. ಪುಣೆಯ ಮಳೆಗಾಲ ಬೇರೆ, ತೆಗೆದ ಕೂಡಲೇ ಡೆಸಿಕೇಟರ್‌ಗೆ ಹಾಕಿದೆ. ಈ ಸಲ ಗೂನೂ ಇಲ್ಲ, 150ರ ಇಳಿತವೂ ಇಲ್ಲ. ಆಗ ಇನ್ನೊಂದು ಕಂಡಿತು: ತಾಮ್ರ ಸೇರಿದರೆ ಗಟ್ಟಿಯಾಗುತ್ತದೆ ಅಂದುಕೊಂಡಿದ್ದ ಆಲಿಗೊಮರ್, ಬರೀ ಆಲಿಗೊಮರ್‌ಗಿಂತ ಮೊದಲೇ ಉರಿಯಲು ಶುರುಮಾಡಿತ್ತು. ಗಾಳಿಯಲ್ಲಿ ತಾಮ್ರವೇ ಸುಡೋದಕ್ಕೆ ಕೈಜೋಡಿಸುತ್ತದೆ. ಸುಡಲು ಆಮ್ಲಜನಕವೇ ಇಲ್ಲದ ನೈಟ್ರೋಜನ್‌ನಲ್ಲಿ ಮತ್ತೊಮ್ಮೆ ಹಾಕಿಸಲು ಸ್ಲಾಟ್ ಬುಕ್ ಮಾಡಿದ್ದೇನೆ.