ದುರ್ಗ ಹತ್ತಿ ಜಯಮಂಗಲಿ ಜೊತೆ ಇಳಿಯಿರಿ: ಒಂದು ದಿನದ ಸೈಕಲ್ ತಿರುಗಾಟ

ತುಮಕೂರಿನಿಂದ ದೇವರಾಯನದುರ್ಗ, ಅಲ್ಲಿಂದ ಇಳಿದು ಗೊರವನಹಳ್ಳಿ, ತೀತಾ ಜಲಾಶಯ, ಕೊರಟಗೆರೆ, ಮತ್ತೆ ತುಮಕೂರು. ದಾರಿ ತಪ್ಪಿ ಸುತ್ತಿದ್ದೂ ಸೇರಿ 70–80 ಕಿಲೋಮೀಟರ್ ಆಗಬಹುದು. ವಾರಕ್ಕೆ ಎರಡು ಸಲ 20 ಕಿ.ಮೀ. ತುಳಿಯುವ ಅಭ್ಯಾಸ ಇದ್ದರೆ ಧೈರ್ಯವಾಗಿ ಹೊರಡಿ.

ಎಲ್ಲರೂ ಹೆದರುವುದು ದುರ್ಗದ ಏರಿಗೆ. ಆದರೆ ಸುಸ್ತಾಗಿ ರಸ್ತೆ ಪಕ್ಕ ಕೂರುವುದು ಕೊರಟಗೆರೆ ದಾಟಿದ ಮೇಲೆ. ಯಾಕೆ ಗೊತ್ತಾ? ಜಯಮಂಗಲಿ ನದಿ ಹುಟ್ಟುವುದು ದುರ್ಗದ ಬೆಟ್ಟದಲ್ಲಿ, ಹರಿಯುವುದು ಉತ್ತರಕ್ಕೆ. ಬೆಳಿಗ್ಗೆ ನಾವೂ ಅದರ ಜೊತೆ ಸುಮ್ನೆ ಇಳಿದುಬಿಡುತ್ತೇವೆ. ವಾಪಸ್ ಬರುವಾಗ ಇಳಿದಿದ್ದರಲ್ಲಿ ಒಂದಿಷ್ಟು ಮತ್ತೆ ಏರಾಗುತ್ತದೆ, ಅದೂ ಮಧ್ಯಾಹ್ನದ ಬಿಸಿಲಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಆದರೆ ನೈಋತ್ಯದ ಗಾಳಿಯೂ ಎದೆಗೇ ಹೊಡೆಯುತ್ತದೆ. ಹಾಗಾಗಿ ನವೆಂಬರ್‌ನಿಂದ ಫೆಬ್ರವರಿಯೊಳಗೆ ಒಂದು ಭಾನುವಾರ ನೋಡಿಕೊಳ್ಳಿ.

ಹಿಂದಿನ ಸಂಜೆ

ಮೊದಲು ಸೀಟು. ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಆಗ ಮುಂಗಾಲಲ್ಲಿ ತುಳಿಯುವಾಗ ಮಂಡಿ ಸ್ವಲ್ಪ ಬಾಗುತ್ತದೆ. ನಮ್ಮಲ್ಲಿ ಬಹಳ ಜನ ಸೀಟು ತಗ್ಗಿಸಿಕೊಂಡು ತುಳಿದು, ಮಂಡಿ ನೋವು ಅಂತ ಸೈಕಲ್ಲನ್ನೇ ಬೈಯುತ್ತಾರೆ.

ಆಮೇಲೆ ಗಾಳಿ. ನಿಮ್ಮದು ತೆಳು ಮೂತಿಯ ಪ್ರೆಸ್ಟಾ ವಾಲ್ವ್ ಆದರೆ ಹಳ್ಳಿಯ ಪಂಚರ್ ಅಂಗಡಿಯ ಪೈಪು ಅದಕ್ಕೆ ಕೂರುವುದಿಲ್ಲ. ಒಂದು ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ತುಂಬಾ ಅಗ್ಗ, ಜೇಬಲ್ಲಿರಲಿ. ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪಂಪು, ಪ್ಯಾಚ್, ಸೊಲ್ಯೂಷನ್, ಅಲೆನ್ ಕೀ ಇಷ್ಟಿದ್ದರೆ ಸಾಕು.

ಟ್ಯೂಬ್ ಯಾಕೆ ಎರಡು ಅಂದರೆ, ಜಾಲಿ ಮುಳ್ಳು. ಒಮ್ಮೆ ನಾನು ಬೀಗುತ್ತಾ ಐದೇ ನಿಮಿಷದಲ್ಲಿ ಟ್ಯೂಬ್ ಬದಲಿಸಿ ಹೊರಟೆ, ಅರ್ಧ ಕಿಲೋಮೀಟರ್ ಹೋಗಿಲ್ಲ, ಮತ್ತೆ ಠುಸ್. ಮುಳ್ಳಿನ ತುದಿ ಮುರಿದು ಟೈರಿನೊಳಗೇ ಕೂತಿತ್ತು. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಸುತ್ತಲೂ ಬೆರಳಾಡಿಸಿ, ಮೆಲ್ಲಗೆ.

ಬೆಳಿಗ್ಗೆ, ಏರು

ಬೆಳಕು ಹರಿದ ಮೇಲೆಯೇ ಕಾಡು ಹೊಗಿ. ಚಿರತೆ, ಕರಡಿ ಇರುವ ಕಾಡು ಅದು, ಕತ್ತಲಲ್ಲಿ ಸಾಹಸ ಬೇಡ. ದಾರಿಯಲ್ಲಿ ನಾಮದ ಚಿಲುಮೆ ಸಿಗುತ್ತದೆ. ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ರಾಮ ಬಾಣ ಬಿಟ್ಟನಂತೆ, ಬಂಡೆಯಿಂದ ನೀರು ಚಿಮ್ಮಿತಂತೆ. ಬಾಟಲಿಗೆ ಮಾತ್ರ ಮನೆಯ ನೀರೇ ಇರಲಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್.

ತುಮಕೂರು ಇರುವುದು ಸುಮಾರು 820 ಮೀಟರ್ ಎತ್ತರದಲ್ಲಿ, ದುರ್ಗದ ತುದಿ ಸುಮಾರು 1,200. ಏರು ಶುರುವಾಗುವ ಮುಂಚೆಯೇ ಹಗುರಾಗಿ ತುಳಿಯಬಹುದಾದ ಸಣ್ಣ ಗೇರಿಗೆ ಬನ್ನಿ. ಜೋರಾಗಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ಕಿತ್ತು ಬರಬಹುದು. ಪಕ್ಕದವರ ಜೊತೆ ಮಾತಾಡುತ್ತಾ ಹತ್ತಲು ಆಗಬೇಕು, ಆಗದಿದ್ದರೆ ಜಾಸ್ತಿ ಜೋರಾಯಿತು ಅಂತ ಅರ್ಥ. ಇಳಿದು ತಳ್ಳಿಕೊಂಡು ಹೋದರೂ ತಪ್ಪೇನಿಲ್ಲ. ಬುಡದಲ್ಲಿ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ, ಇಬ್ಬರಿಗೂ ಅವಸರವಿಲ್ಲ.

ಮೇಲೆ ಬಾಳೆಹಣ್ಣು ತೆಗೆಯಬೇಡಿ. ಕೋತಿಗಳು ಬ್ಯಾಗಿನ ಜಿಪ್ಪನ್ನೂ ಬಿಡುವುದಿಲ್ಲ.

ಇಳಿಜಾರು, ಕಣಿವೆ

ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಅಮುಕಬೇಡಿ. ಉದ್ದಕ್ಕೂ ಹಿಡಿದೇ ಇದ್ದರೆ ರಿಮ್ ಕಾಯುತ್ತದೆ, ಹಿಡಿದು ಬಿಟ್ಟು ಮಾಡಿ.

ಕೆಳಗಿಳಿದ ಮೇಲೆ ಹೊಲ, ತೆಂಗು, ಅಡಿಕೆ, ಕೆರೆ. ಫೋನಿನ ಮ್ಯಾಪ್ ಕೆಲವೊಮ್ಮೆ ಹೊಲದ ಬದುವಿಗೇ ತಂದು ನಿಲ್ಲಿಸುತ್ತದೆ, ಅದಕ್ಕೇ ಜನರನ್ನು ಕೇಳಿ. "ಯಾಕಪ್ಪಾ, ಬಸ್ ಸಿಗ್ಲಿಲ್ವಾ?" ಅಂತ ಒಬ್ಬ ಅಜ್ಜ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದ್ದರು, ದಾರಿ ಮಾತ್ರ ಸರಿಯಾಗಿ ಹೇಳಿದರು.

ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೆ ಒಕ್ಕಣೆಗೆ ಹರಡಿರುತ್ತಾರೆ. ಕಾರು ಹತ್ತಿಸಿಕೊಂಡು ಹೋಗುತ್ತದೆ, ಸೈಕಲ್ ಜಾರುತ್ತದೆ. ಹುರುಳಿ ಬಳ್ಳಿಯಂತೂ ಹಿಂದಿನ ಚಕ್ರದ ಗೇರಿಗೆ ಸುತ್ತಿಕೊಂಡು ಅದನ್ನು ಬಗ್ಗಿಸಿಯೇ ಬಿಡಬಹುದು. ಇಳಿದು ಅಂಚಿನಲ್ಲಿ ತಳ್ಳಿಕೊಂಡು ಹೋಗಿ.

ಗೊರವನಹಳ್ಳಿಯ ಲಕ್ಷ್ಮಿ ದರ್ಶನ ಮುಗಿಸಿ ತೀತಾ ಹಿನ್ನೀರಿನ ಹತ್ತಿರ ಅರ್ಧ ಗಂಟೆ ಕೂತುಬಿಡಿ. ಹಸಿವಾಗದಿದ್ದರೂ ತಿನ್ನಿ. ಹಸಿವಾದ ಮೇಲೆ ತಿಂದರೆ ಅದು ಕಾಲಿಗೆ ಇಳಿಯುವ ಹೊತ್ತಿಗೆ ತಡವಾಗಿರುತ್ತದೆ. ಚಿಕ್ಕಿ, ಬಾಳೆಹಣ್ಣು ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಹೊಟ್ಟೆ ತುಂಬಾ ಮುದ್ದೆ ಊಟ ಆಸೆ ಹುಟ್ಟಿಸುತ್ತದೆ ನಿಜ, ಆದರೆ ಅದನ್ನು ತುಮಕೂರಿಗೆ ಬಂದ ಮೇಲೆ ಇಟ್ಟುಕೊಳ್ಳಿ.

ವಾಪಸ್

ಕೊರಟಗೆರೆಯಲ್ಲಿ ಎರಡೂ ಬಾಟಲಿ ತುಂಬಿಸಿ, ಒಂದು ಎಳನೀರು ಕುಡಿಯಿರಿ. ಇಲ್ಲಿಂದ ಸುಮಾರು 26 ಕಿ.ಮೀ. ದೊಡ್ಡ ರಸ್ತೆ, ಲಾರಿ, ಬಸ್ಸು ಜಾಸ್ತಿ. ಒಬ್ಬರ ಹಿಂದೆ ಒಬ್ಬರು, ಎಡಕ್ಕೆ, ಹಿಂದಿನ ಕೆಂಪು ಲೈಟು ಹಗಲಲ್ಲೂ ಉರಿಯುತ್ತಿರಲಿ. ತಲೆ ಸುತ್ತಿದರೆ, ಬೆವರು ನಿಂತು ಮೈ ಬಿಸಿಯಾದರೆ ಕೂಡಲೇ ನೆರಳಿಗೆ ಬನ್ನಿ, ತಲೆ ಮೈಗೆ ನೀರು ಸುರಿದುಕೊಂಡು ಆಸ್ಪತ್ರೆಗೆ ಹೋಗಿ. ಬರೀ ಕಾಲು ಸೋತಿದ್ದರೆ ಲಗೇಜ್ ಆಟೋ ಹಿಡಿಯಿರಿ, ನಾನೂ ಒಮ್ಮೆ ಹಾಗೇ ಬಂದಿದ್ದೇನೆ, ಸೈಕಲ್ ಮತ್ತು ಎಂಟು ಮೂಟೆ ಈರುಳ್ಳಿ ಜೊತೆ.