ಭ್ರೂಣದ ಆಕರಕೋಶ ಸಂಶೋಧನೆಗೆ ಬಂದ ವಿರೋಧವನ್ನು ಅಧ್ಯಯನ ಮಾಡುವ ಕ್ರಮ

ಭ್ರೂಣದಿಂದ ಪಡೆಯುವ ಆಕರಕೋಶಗಳ, ಅಂದರೆ ದೇಹದ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳ, ಸಂಶೋಧನೆಗೆ ವಿರೋಧ ಏಕೆ ಬಂತು ಎಂಬ ಬಗ್ಗೆ ಪ್ರಬಂಧ ಬರೆಯುವವರು ‘ವಿಜ್ಞಾನಕ್ಕೆ ಧರ್ಮ ಅಡ್ಡಬಂತು’ ಎಂದು ಆರಂಭಿಸಿ ಅಲ್ಲಿಯೇ ಮುಗಿಸುವುದುಂಟು. ಆ ವಾಕ್ಯವನ್ನು ಮೊದಲು ಬದಿಗಿಡಿ. ಅಮೆರಿಕದಲ್ಲಿ 1998ರಿಂದ 2013ರವರೆಗೆ ನಡೆದ ವಿವಾದವನ್ನು ಉದಾಹರಣೆಯಾಗಿ ಇಟ್ಟುಕೊಂಡರೆ, ಎಳೆಗಳನ್ನು ಬಿಡಿಸಿ ನೋಡುವುದು ಸುಲಭವಾಗುತ್ತದೆ.

ಪ್ರಯೋಗಾಲಯದಲ್ಲಿ ಆಗುವುದೇನು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಉಳಿದ, ಸುಮಾರು 5 ದಿನಗಳ ಭ್ರೂಣದ ಒಳಭಾಗದ ಕೋಶಗಳನ್ನು ತೆಗೆದು ಬೆಳೆಸಲಾಗುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ತಂಡ ಇದನ್ನು 1998ರಲ್ಲಿ ಸಾಧಿಸಿತು. ಹೀಗೆ ಕೋಶ ತೆಗೆದಾಗ ಭ್ರೂಣ ಉಳಿಯುವುದಿಲ್ಲ. ವಿವಾದದ ಬೇರು ಇರುವುದು ಇಲ್ಲಿಯೇ. ಅಸ್ಥಿಮಜ್ಜೆಯಿಂದಲೋ ಹೊಕ್ಕುಳಬಳ್ಳಿಯ ರಕ್ತದಿಂದಲೋ ಪಡೆಯುವ ಆಕರಕೋಶಗಳಿಗೆ ಈ ವಿರೋಧ ಅನ್ವಯಿಸುವುದಿಲ್ಲ; ಕ್ಯಾಥೊಲಿಕ್ ಚರ್ಚ್ ಅವುಗಳ ಸಂಶೋಧನೆಯನ್ನು ಬಹಿರಂಗವಾಗಿಯೇ ಪ್ರೋತ್ಸಾಹಿಸಿದೆ.

ಬಳಿಕ ಧಾರ್ಮಿಕ ವಾದವನ್ನು ಅದನ್ನು ನಂಬುವವರು ಹೇಳುವ ರೀತಿಯಲ್ಲಿಯೇ ಬರೆದುಕೊಳ್ಳಿ. ಹೆಚ್ಚು ಸಮಯ ಕೊಡಬೇಕಾದದ್ದು ಈ ಹಂತಕ್ಕೆ. ಗರ್ಭಧಾರಣೆಯ ಕ್ಷಣದಿಂದಲೇ ಭ್ರೂಣವನ್ನು ವ್ಯಕ್ತಿಯೆಂದು ಗೌರವಿಸಬೇಕೆಂದು ವ್ಯಾಟಿಕನ್ 1987ರಲ್ಲಿ ಹೊರಡಿಸಿದ ಬೋಧನಾಪತ್ರ ಹೇಳುತ್ತದೆ. ಇದನ್ನು ಒಪ್ಪಿದವರಿಗೆ ‘ಹೇಗಿದ್ದರೂ ಬಿಸಾಡುವ ಭ್ರೂಣವಲ್ಲವೇ?’ ಎಂಬ ಪ್ರಶ್ನೆ ಉತ್ತರವಾಗಲಾರದು, ಏಕೆಂದರೆ ಸಾವು ಖಚಿತವೆಂಬ ಕಾರಣಕ್ಕೆ ಒಬ್ಬರನ್ನು ಇನ್ನೊಬ್ಬರ ಹಿತಕ್ಕಾಗಿ ಕೊಲ್ಲಬಹುದೆಂದು ಅವರು ಒಪ್ಪುವುದಿಲ್ಲ. ಈ ತರ್ಕವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಆದರೆ ಅದು ಅಜ್ಞಾನದಿಂದ ಹುಟ್ಟಿದ್ದಲ್ಲ, ಅದನ್ನು ಹಾಗೆ ಚಿತ್ರಿಸುವುದು ಅನ್ಯಾಯ.

‘ಧರ್ಮ’ ಎಂದು ಏಕವಚನದಲ್ಲಿ ಬರೆಯುವುದನ್ನೂ ಬಿಡಬೇಕು. ಯೆಹೂದಿ ಸಂಪ್ರದಾಯದಲ್ಲಿ ಮೊದಲ 40 ದಿನಗಳ ಭ್ರೂಣವನ್ನು ತಾಲ್ಮುದ್ ಬರಿಯ ನೀರಿಗೆ ಹೋಲಿಸುತ್ತದೆ. ಜೀವ ಉಳಿಸುವ ಕರ್ತವ್ಯಕ್ಕೆ ಅಲ್ಲಿ ಮೇಲಿನ ಸ್ಥಾನವಿದೆ. ಅನೇಕ ಇಸ್ಲಾಮಿ ವಿದ್ವಾಂಸರು 120ನೆಯ ದಿನದಂದು ಆತ್ಮ ಸೇರುತ್ತದೆ ಎನ್ನುತ್ತಾರೆ. ಗರ್ಭಪಾತವನ್ನು ಕಟುವಾಗಿ ವಿರೋಧಿಸುತ್ತಿದ್ದ ಯೂಟಾದ ಸೆನೆಟರ್ ಆರಿನ್ ಹ್ಯಾಚ್, ಮಾರ್ಮನ್ ಪಂಥದ ಶ್ರದ್ಧಾವಂತರಾಗಿದ್ದೂ ಈ ಸಂಶೋಧನೆಯನ್ನು ಬೆಂಬಲಿಸಿದರು; ಜೀವ ಆರಂಭವಾಗುವುದು ತಾಯಿಯ ಗರ್ಭದಲ್ಲಿ, ಶೀತಕದಲ್ಲಿ ಅಲ್ಲ ಎಂಬುದು ಅವರ ನಿಲುವಾಗಿತ್ತು.

ರಾಜಕೀಯದ ಭಾಗಕ್ಕೆ ಬಂದಾಗ ಹಣದ ಜಾಡನ್ನು ಹಿಡಿಯಿರಿ. ಅಮೆರಿಕದ ಒಕ್ಕೂಟ ಸರ್ಕಾರ ಈ ಸಂಶೋಧನೆಯನ್ನು ನಿಷೇಧಿಸಲಿಲ್ಲ. ಸಾರ್ವಜನಿಕ ಹಣವನ್ನು ಕೊಡಬೇಕೇ ಎಂಬುದೇ ಜಗಳವಾಗಿತ್ತು. ಭ್ರೂಣ ನಾಶವಾಗುವ ಸಂಶೋಧನೆಗೆ ಒಕ್ಕೂಟದ ಹಣ ಸಲ್ಲದೆಂಬ ಡಿಕಿ–ವಿಕರ್ ತಿದ್ದುಪಡಿ 1996ರಿಂದ ವರ್ಷವರ್ಷವೂ ಆಯವ್ಯಯದೊಂದಿಗೆ ಅಂಗೀಕಾರವಾಗುತ್ತ ಬಂದಿದೆ. 2001ರ ಜುಲೈನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಈ ಸಂಶೋಧನೆಯನ್ನು ತಿರಸ್ಕರಿಸುವಂತೆ ಮುಖಾಮುಖಿಯಾಗಿಯೇ ಹೇಳಿದರು. ಆಗಸ್ಟ್ 9ರಂದು ಬುಷ್ ನಡುದಾರಿಯೊಂದನ್ನು ಪ್ರಕಟಿಸಿದರು: ಆ ದಿನಕ್ಕೆ ಮೊದಲೇ ಸಿದ್ಧವಾಗಿದ್ದ ಕೋಶಸಂತತಿಗಳಿಗೆ, ಅಂದರೆ ಒಂದೊಂದು ಭ್ರೂಣದ ಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದ ಕೋಶಗಳ ಗುಂಪುಗಳಿಗೆ, ಮಾತ್ರ ಹಣ. ಹಾಗೆ ಪಟ್ಟಿಯಾದ 64 ಸಂತತಿಗಳಲ್ಲಿ 3 ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದವು, 7 ಮುಂಬಯಿಯ ರಿಲಯನ್ಸ್ ಲೈಫ್ ಸೈನ್ಸಸ್‌ನವು. ಆದರೆ ಪಟ್ಟಿಯಲ್ಲಿದ್ದವುಗಳಲ್ಲಿ ಬಳಕೆಗೆ ನಿಜವಾಗಿ ದೊರೆತವು ಇಪ್ಪತ್ತರ ಆಸುಪಾಸು ಮಾತ್ರ. ವಿಜ್ಞಾನಿಗಳ ಅಸಮಾಧಾನ ಬೆಳೆದದ್ದು ಅದರಿಂದ.

ಈ ನಿರ್ಬಂಧವನ್ನು ಸಡಿಲಿಸುವ ಮಸೂದೆಯನ್ನು ಬುಷ್ 2006ರ ಜುಲೈನಲ್ಲಿ ತಡೆಹಿಡಿದರು. ಅವರ ಅಧಿಕಾರಾವಧಿಯ ಮೊದಲ ವೀಟೊ ಅದು. ಆ ದಿನ ಅವರ ಸುತ್ತ ಇದ್ದವರು, ದಾನವಾಗಿ ಪಡೆದ ಭ್ರೂಣಗಳಿಂದ ಹುಟ್ಟಿದ ಮಕ್ಕಳು ಮತ್ತು ಅವರ ಕುಟುಂಬಗಳು. ವೀಟೊ ಮೀರಲು ಕೆಳಮನೆಯಲ್ಲಿ ಮೂರನೇ ಎರಡರಷ್ಟು ಮತ ಬೇಕಿತ್ತು. ಬಂದದ್ದು 235, ವಿರುದ್ಧ 193. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 2004ರಲ್ಲಿಯೇ 300 ಕೋಟಿ ಡಾಲರ್‌ಗಳ ರಾಜ್ಯನಿಧಿಗೆ ಒಪ್ಪಿಗೆ ಕೊಟ್ಟಿದ್ದರು. ಒಬಾಮ 2009ರ ಮಾರ್ಚ್‌ನಲ್ಲಿ ಬುಷ್ ಆದೇಶವನ್ನು ತೆಗೆದುಹಾಕಿದರು. ಅದರ ವಿರುದ್ಧದ ಮೊಕದ್ದಮೆ 2013ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ನಿರಾಕರಿಸಿದಾಗ ಕೊನೆಗೊಂಡಿತು.

ಜಪಾನಿನ ಶಿನ್ಯಾ ಯಮನಾಕ 2006–07ರಲ್ಲಿ ಸಾಮಾನ್ಯ ಚರ್ಮಕೋಶಗಳನ್ನು ಆಕರಕೋಶಗಳಂಥ ಸ್ಥಿತಿಗೆ ಹಿಂದಿರುಗಿಸಿದಾಗ ವಿರೋಧಿಗಳು ಅದನ್ನು ತಮ್ಮ ಗೆಲುವೆಂದು ಕಂಡರು. ಈ ಮಾತನ್ನು ದಾಖಲಿಸುವಾಗ, ಯಮನಾಕ ಪರೀಕ್ಷಿಸಿದ ವಂಶವಾಹಿಗಳಲ್ಲಿ ಹಲವು ಭ್ರೂಣದ ಆಕರಕೋಶಗಳ ಅಧ್ಯಯನದಿಂದಲೇ ತಿಳಿದುಬಂದಿದ್ದವು ಎಂಬುದನ್ನೂ ಸೇರಿಸಿ.

ನಿಮ್ಮ ತೀರ್ಮಾನವನ್ನು ಜರ್ಮನಿಯ ಮೇಲೆ ಪರೀಕ್ಷಿಸಿ. ಅಲ್ಲಿನ 1990ರ ಭ್ರೂಣ ಸಂರಕ್ಷಣಾ ಕಾಯ್ದೆ ಅಮೆರಿಕದ ಯಾವ ಒಕ್ಕೂಟ ನಿಯಮಕ್ಕಿಂತಲೂ ಕಠಿಣ. ಅದರ ಹಿಂದೆ ಚರ್ಚುಗಳಷ್ಟೇ ಅಲ್ಲ, ನಾಜಿ ವೈದ್ಯರ ಪ್ರಯೋಗಗಳ ನೆನಪೂ ಇತ್ತು. ಹಸಿರು ಪಕ್ಷದ ಅನೇಕರೂ ಅದರ ಪರವಾಗಿದ್ದರು.

ಭಾರತದ ಬಗ್ಗೆ ಬರೆಯುವುದಾದರೆ ಅಮೆರಿಕದ ಚೌಕಟ್ಟನ್ನು ಹಾಗೆಯೇ ಹೊದಿಸಬೇಡಿ. ಭ್ರೂಣವನ್ನು 14 ದಿನಗಳಾಚೆಗೆ ಬೆಳೆಸಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಆದರೆ ಇಲ್ಲಿನ ದೊಡ್ಡ ಆತಂಕ, ಫಲ ಸಾಬೀತಾಗದ ‘ಸ್ಟೆಮ್ ಸೆಲ್ ಚಿಕಿತ್ಸೆ’ಯನ್ನು ಕಂಗೆಟ್ಟ ರೋಗಿಗಳಿಗೆ ಮಾರುವ ಕ್ಲಿನಿಕ್‌ಗಳದ್ದು.