ಬೆರಳಿನ ಕ್ಲಿಪ್ಪು ಮತ್ತು ನಾನು: ಆಂಬುಲೆನ್ಸಿನ ಹಿಂದಿನ ಸೀಟಿನ ಅನುಭವ

ನಮ್ಮ ಗಾಡಿಯಲ್ಲಿ ಎಂತೆಂತ ಉಂಟು ಅಂತ ಕೇಳಿದ್ರೆ, ಒಂದು ಸ್ಟ್ರೆಚರ್, ಎರಡು ಆಕ್ಸಿಜನ್ ಸಿಲಿಂಡರ್, ಮಾಸ್ಕ್‌ಗಳು, ಒಂದು ಅಂಬು ಬ್ಯಾಗ್ (ಉಸಿರು ಸಾಲದವರಿಗೆ ಕೈಯಲ್ಲಿ ಒತ್ತಿ ಗಾಳಿ ಕೊಡುವ ಚೀಲ), ಬಿಪಿ ನೋಡುವ ಮೆಷಿನ್, ಬ್ಯಾಂಡೇಜು, ಹಲಗೆ, ಮತ್ತೆ ನನ್ನ ಅಂಗಿ ಕಿಸೆಯಲ್ಲಿ ಪಲ್ಸ್ ಆಕ್ಸಿಮೀಟರ್, ಅಂದ್ರೆ ಬೆರಳಿಗೆ ಸಿಕ್ಕಿಸಿದ್ರೆ ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟು ಉಂಟು, ನಾಡಿ ಎಷ್ಟು ಅಂತ ತೋರಿಸುವ ಕ್ಲಿಪ್ಪು. ಅಷ್ಟೆ. 108ರಲ್ಲಿ ಬರುವವರು ನರ್ಸಿಂಗ್ ಕಲಿತವರು, ಇಂಜೆಕ್ಷನ್ ಕೊಡ್ಲಿಕ್ಕೆ, ಡ್ರಿಪ್ ಹಾಕ್ಲಿಕ್ಕೆ ಅವರಿಗೆ ಗೊತ್ತುಂಟು. ನಾವು ಊರಿನ ಕ್ಲಬ್ಬಿನವರು, ಪ್ರಥಮ ಚಿಕಿತ್ಸೆಯ ಟ್ರೈನಿಂಗ್ ಆಗಿ ಕೈಗೆ ಒಂದು ಸರ್ಟಿಫಿಕೇಟ್ ಸಿಕ್ಕಿದವರು, ಹಗಲು ಅಡಿಕೆ ತೋಟ ಅಥವಾ ಅಂಗಡಿ, ರಾತ್ರಿ ಫೋನ್ ಬಂದ್ರೆ ಆಂಬುಲೆನ್ಸ್. ಕಾಸರಗೋಡಿನ ಪೆರ್ಲ, ಬದಿಯಡ್ಕದ ಒಳಗಿನ ಮನೆಗಳಿಂದ ರೋಗಿಯನ್ನು ಎತ್ತಿ ಕುಂಬಳೆಗೆ ಇಳಿದು, ಹೈವೇ ಹಿಡಿದು, ತಲಪಾಡಿ ದಾಟಿ ಮಂಗಳೂರಿಗೆ ಮುಟ್ಟಿಸುವಷ್ಟು ಹೊತ್ತು ರೋಗಿ ಮತ್ತೆ ನಾನು ಇಬ್ರೇ, ಡಾಕ್ಟ್ರು ಇಲ್ಲ, ಹಾಗಾಗಿ ಆ ಕಿಸೆಯಲ್ಲಿರುವ ಮೆಷಿನ್ ನನಗೆ ಎಷ್ಟು ದೊಡ್ಡದು ಅಂತ ನೀವೇ ಲೆಕ್ಕ ಹಾಕಿ.

ಅದು ನಮ್ಮ ಕೈಗೆ ಬಂದದ್ದು ಕೊರೋನ ಟೈಮಲ್ಲಿ. 2020ರ ಮಾರ್ಚಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಬಂದ್ ಆಗಿ ಮಂಗಳೂರಿಗೆ ಹೋಗುವ ದಾರಿಯೇ ಇಲ್ಲ ಅಂತಾದಾಗ ನಮ್ಮ ಕಡೆಯವರಿಗೆ ಆದ ಹೆದರಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಮರುವರ್ಷ ಎರಡನೇ ಅಲೆ ಬರುವಾಗ ಯಾರೋ ಗಲ್ಫಿನವರು ದುಡ್ಡು ಕಳಿಸಿದ್ರು, ಮೂರು ಮೆಷಿನ್ ತಗೊಂಡೆವು. ಹೇಗೆ ಹಾಕುವುದು ಅಂತ ಪೆಟ್ಟಿಗೆಯ ಚೀಟಿ ನೋಡಿ ಕಲಿತದ್ದು. ಬೆರಳು ತೂರಿಸು, ಗುಂಡಿ ಒತ್ತು, ನಂಬರ್ ಓದು. ಇಷ್ಟೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ.

ಸುರುವಿಗೆ ಅದು ನನ್ನನ್ನು ಪೂರಾ ಮರುಳು ಮಾಡಿತು, ಯಾಕಂದ್ರೆ ಸುರುವಿನ ದೊಡ್ಡ ಕೇಸಲ್ಲೇ ಅದು ಗೆದ್ದಿತು. 2021ರ ಮೇ ತಿಂಗಳು. ಎಣ್ಮಕಜೆ ಪಂಚಾಯತಿನ ಒಳಗೆ ಒಂದು ಮನೆ, ಅಜ್ಜ ಜಗಲಿಯಲ್ಲಿ ಕೂತು ಪೇಪರ್ ಓದ್ತಾ ಇದ್ರು. ಎರಡು ದಿನದಿಂದ ಜ್ವರ ಅಂತ ಮಗ ಫೋನ್ ಮಾಡಿದ್ದು. ಅಜ್ಜ ನನ್ನನ್ನು ನೋಡಿ "ನಿನಗೆ ಬೇರೆ ಕೆಲಸ ಇಲ್ವಾ ಮಾಣಿ, ನನಗೆಂತದ್ದೂ ಆಗಿಲ್ಲ" ಅಂತ ಎಲೆಗೆ ಸುಣ್ಣ ಹಚ್ಚಿದ್ರು. ಮಾತು ಸರಿ ಉಂಟು, ಬೆವರಿಲ್ಲ, ಏದುಸಿರಿಲ್ಲ. ಕ್ಲಿಪ್ ಹಾಕಿದ್ರೆ 76. ಮೆಷಿನ್ ಹಾಳಾಗಿದೆ ಅಂತ ನನ್ನ ಬೆರಳಿಗೆ ಹಾಕಿದೆ, 98. ಪುನಃ ಅವರ ಇನ್ನೊಂದು ಕೈಗೆ ಹಾಕಿದೆ, 77. ಮಗನ ಬೆರಳಿಗೂ ಹಾಕಿ ಅಜ್ಜನಿಗೆ ತೋರಿಸಿದೆ, ಆಗ ಅವರು ಎಲೆ ಕೆಳಗಿಟ್ಟು ಎದ್ರು. ಆ ಕಾಯಿಲೆಯಲ್ಲಿ ಕೆಲವರಿಗೆ ರಕ್ತದಲ್ಲಿ ಆಮ್ಲಜನಕ ಅಷ್ಟು ಇಳಿದರೂ ಉಸಿರು ಕಟ್ಟಿದ ಹಾಗೆ ಅನಿಸುವುದೇ ಇಲ್ಲ ಅಂತ ಆಮೇಲೆ ತಿಳೀತು. ಕಣ್ಣಿಗೆ ಕಾಣದ್ದನ್ನು ಮೆಷಿನ್ ಹೇಳಿತು, ಅಜ್ಜ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ್ರು. ಅವತ್ತಿನಿಂದ ನಾನು ಹೋದಲ್ಲೆಲ್ಲ ಮೊದಲು ಕ್ಲಿಪ್ಪು, ಮತ್ತೆ ಮುಖ ನೋಡುವುದು. ಅದೇ ತಪ್ಪಾದ್ದು.

ಮರುವರ್ಷ ಮಳೆಗಾಲ, ನಾಲ್ಕು ದಿನದಿಂದ ಕರೆಂಟಿಲ್ಲ. ಒಂದು ಮನೆಯಲ್ಲಿ ಜನರೇಟರನ್ನು ಮಳೆಗೆ ಒದ್ದೆ ಆಗ್ತದೆ ಅಂತ ಅಡುಗೆಮನೆಯ ಹಿಂದಿನ ಚಾವಡಿಗೆ ತಂದಿಟ್ಟು ಬಾಗಿಲು ಮುಚ್ಚಿದ್ರು. ಗಂಡ ಹೆಂಡತಿ ಇಬ್ರಿಗೂ ತಲೆನೋವು, ವಾಂತಿ, ಹೆಂಗಸಿಗೆ ನಿಲ್ಲಲಿಕ್ಕೆ ಆಗ್ತಿಲ್ಲ. ಊಟದ್ದು ಎಂತದೋ ಆಗಿರಬೇಕು ಅಂತ ಅವರೇ ಹೇಳಿದ್ರು. ನಾನು ಕ್ಲಿಪ್ ಹಾಕಿದೆ, ಅವನಿಗೆ 99, ಅವಳಿಗೆ 98. "ಆಕ್ಸಿಜನ್ ಫಸ್ಟ್ ಕ್ಲಾಸ್ ಉಂಟು" ಅಂತ ಹೇಳಿ ಮಾಸ್ಕ್ ಹಾಕ್ಲೇ ಇಲ್ಲ, ನಿಧಾನಕ್ಕೆ ಕರ್ಕೊಂಡು ಹೋದೆ. ಕ್ಯಾಶುವಾಲ್ಟಿಯಲ್ಲಿ ಒಬ್ರು ನರ್ಸ್ ಚೇಚಿ, ಮಲಯಾಳದಲ್ಲೇ, ಮನೆಯಲ್ಲಿ ಹೊಗೆಯೋ ಜನರೇಟರೋ ಇತ್ತಾ ಅಂತ ಕೇಳಿದ್ರು. ಇತ್ತು ಅಂದೆ. ಅವರು ನನ್ನ ಮುಖ ಒಂದ್ಸಲ ನೋಡಿ ಇಬ್ರಿಗೂ ಚೀಲ ಇರುವ ಮಾಸ್ಕ್ ಹಾಕಿ ಫುಲ್ ಫ್ಲೋ ಬಿಟ್ರು, ರಕ್ತ ತೆಗೆದ್ರು. ಜನರೇಟರಿನ ಹೊಗೆಯಲ್ಲಿರುವ ವಿಷಗಾಳಿ, ಕಾರ್ಬನ್ ಮೊನಾಕ್ಸೈಡ್.

ಅವತ್ತು ರಾತ್ರಿ ಡ್ಯೂಟಿ ಡಾಕ್ಟ್ರು ಚಾ ಕುಡಿಯುವಾಗ ಕೂರಿಸಿ ಹೇಳಿಕೊಟ್ಟದ್ದನ್ನು ನಾನು ಮರೀಲಿಕ್ಕಿಲ್ಲ. ಈ ಕ್ಲಿಪ್ಪಿನೊಳಗೆ ಎರಡು ಬೆಳಕು ಉಂಟು, ಒಂದು ಕೆಂಪು, ಸುಮಾರು 660 ನ್ಯಾನೋಮೀಟರು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪನ್ನು ಹೆಚ್ಚು ದಾಟಿಸಿ ಬಿಡ್ತದೆ, ಹೊರದೆ ಖಾಲಿ ಇರುವುದು ಕೆಂಪನ್ನು ನುಂಗ್ತದೆ, ಎರಡೂ ಬೆಳಕಿನ ಲೆಕ್ಕ ಹಾಕಿ ನೂರರಲ್ಲಿ ಎಷ್ಟು ತುಂಬಿದೆ ಅಂತ ಹೇಳ್ತದೆ. ಕಾರ್ಬನ್ ಮೊನಾಕ್ಸೈಡ್ ಹತ್ತಿ ಕೂತ ಹಿಮೋಗ್ಲೋಬಿನ್ನೂ ಕೆಂಪಿಗೆ ಹಾಗೇ ಕಾಣ್ತದೆ. ಬಸ್ಸಿನ ಸೀಟೆಲ್ಲ ಭರ್ತಿ ಅಂತ ಕಂಡಕ್ಟರ್ ಹೇಳ್ತಾನೆ, ಕೂತವರು ಟಿಕೆಟ್ ತಗೊಂಡವರೋ ಕಳ್ಳರೋ ಅಂತ ಅವನಿಗೆ ಗೊತ್ತಿಲ್ಲ, ಡಾಕ್ಟ್ರು ಹೇಳಿದ್ದು ಹೀಗೆ. ಹಾಗೇ ರಕ್ತ ಕಡಿಮೆ ಇರುವವರಿಗೆ, ಹೆರಿಗೆಯಲ್ಲಿ ತುಂಬ ರಕ್ತ ಹೋದವರಿಗೆ, ಬಸ್ಸೇ ಬರೀ ಎರಡು, ಅಂದ್ರೆ ಹಿಮೋಗ್ಲೋಬಿನ್ನೇ ಕಡಿಮೆ ಇದ್ದರೂ, ಎರಡೂ ಭರ್ತಿ ಇದ್ರೆ ಮೆಷಿನ್ 99 ಅಂತಲೇ ಹೇಳುವುದು.

ಆ ದಂಪತಿ ಹುಷಾರಾದ್ರು. ನನಗೆ ಮಾತ್ರ ಒಂದು ವಾರ ನಿದ್ದೆ ಸರಿ ಬರ್ಲಿಲ್ಲ.

ಮತ್ತೆ ನಾನು ಈ ಮೆಷಿನ್ನಿನ ಹಿಂದೆ ಬಿದ್ದೆ. ಇದರ ಹಿಂದಿನ ತತ್ವ ಕಂಡುಹಿಡಿದವರು ಜಪಾನಿನ ತಕುವೊ ಅಯೊಯಾಗಿ ಅಂತ ಎಂಜಿನಿಯರು, ನಿಹೊನ್ ಕೊಡೆನ್ ಕಂಪೆನಿಯಲ್ಲಿದ್ದವರು, 1974ರಲ್ಲಿ ಅದನ್ನು ಮಂಡಿಸಿದ್ದು. ಅವರು ಮಾಡ್ಲಿಕ್ಕೆ ಹೊರಟದ್ದು ಬೇರೆಯೇ, ರಕ್ತಕ್ಕೆ ಬಣ್ಣ ಬಿಟ್ಟು ಹೃದಯ ಎಷ್ಟು ರಕ್ತ ತಳ್ತದೆ ಅಂತ ಕಿವಿಯಲ್ಲಿ ಬೆಳಕು ಹಾಯಿಸಿ ಅಳೆಯುವುದು, ಅದಕ್ಕೆ ನಾಡಿಯ ಮಿಡಿತ ಅಡ್ಡ ಬರ್ತಾ ಇತ್ತು, ಅಡ್ಡ ಬಂದದ್ದನ್ನೇ ಕೊನೆಗೆ ಉಪಯೋಗಕ್ಕೆ ತಗೊಂಡ್ರು. ನಾವೆಲ್ಲ ಮನೆಮನೆಗೆ ಈ ಕ್ಲಿಪ್ ಹಿಡ್ಕೊಂಡು ಓಡುವ ಒಂದು ವರ್ಷ ಮೊದಲೇ, 2020ರ ಏಪ್ರಿಲಲ್ಲಿ, ಅವರು ತೀರಿಕೊಂಡ್ರು. ಈ ಕತೆ ಓದಿದ ಮೇಲೆ ನನಗೆ ಒಂದು ತಲೆಗೆ ಹೊಳೀತು, ಈ ಮೆಷಿನ್ನಿಗೆ ಊಟವೇ ನಾಡಿ. ನಾಡಿ ಸಿಗದಿದ್ರೆ ಅದು ಹೇಳುವ ನಂಬರು ಬಾಯಿಗೆ ಬಂದದ್ದು.

ಹಾಗಾಗಿ ಈಗ ನಾನು ಮಾಡುವುದು ಹೀಗೆ. ಹೋದ ತಕ್ಷಣ ಮುಖ, ತುಟಿ, ಕುತ್ತಿಗೆಯ ಸ್ನಾಯು ಎಳೀತಾ ಉಂಟಾ, ಒಂದು ವಾಕ್ಯ ಪೂರ್ತಿ ಮಾತಾಡ್ತಾರಾ ಇಲ್ಲ ನಡುವೆ ನಿಲ್ಲಿಸ್ತಾರಾ ಅಂತ ನೋಡುವುದು. ಮಣಿಕಟ್ಟಿನ ನಾಡಿ ಹಿಡಿದು ಹಾಗೇ ಹೊಟ್ಟೆಯ ಏರಿಳಿತ ನೋಡಿ ಉಸಿರು ಎಣಿಸುವುದು, ಮೂವತ್ತು ಸೆಕೆಂಡು ಎಣಿಸಿ ಡಬಲ್ ಮಾಡುವುದು, ಉಸಿರು ಎಣಿಸ್ತೇನೆ ಅಂತ ರೋಗಿಗೆ ಹೇಳ್ಲಿಕ್ಕಿಲ್ಲ, ಹೇಳಿದ್ರೆ ಅವರ ಉಸಿರೇ ಬದಲಾಗ್ತದೆ. ಆಮೇಲೆ ಕ್ಲಿಪ್ಪು. ಮೆಷಿನ್ ತೋರಿಸುವ ನಾಡಿ ನನ್ನ ಕೈಗೆ ಸಿಕ್ಕ ನಾಡಿಗೆ ತಾಳೆ ಆದ್ರೆ ಮಾತ್ರ ಮೇಲಿನ ನಂಬರ್ ಬರೆಯುವುದು. ಮಳೆಗೆ ನೆನೆದು ತೋಟದಿಂದ ತಂದವರ ಬೆರಳು ಮಂಜುಗಡ್ಡೆ ಹಾಗಿರ್ತದೆ, ಆಗ ಒರೆಸಿ, ಉಜ್ಜಿ, ಬಿಸಿ ಮಾಡಿ ಒಂದು ನಿಮಿಷ ಕಾಯ್ಬೇಕು. ಬಿಪಿ ಪಟ್ಟಿ ಕಟ್ಟಿದ ಕೈಗೆ ಹಾಕ್ಲೇಬಾರದು, ಪಟ್ಟಿ ಉಬ್ಬಿದಾಗ ರಕ್ತ ನಿಂತು ನಂಬರ್ ದೊಪ್ಪನೆ ಬೀಳ್ತದೆ, ನಾನೊಮ್ಮೆ ಇದಕ್ಕೇ ಡ್ರೈವರಿಗೆ ಸೈರನ್ ಹಾಕಿಸಿ ಆಮೇಲೆ ನಾಚಿಕೆ ಪಟ್ಟದ್ದುಂಟು. ಉಪ್ಪಳದ ಒಂದು ಮದುವೆ ಮನೆಯಲ್ಲಿ ಮದುಮಗಳು ತಲೆತಿರುಗಿ ಬಿದ್ದದ್ದು, ಹತ್ತು ಬೆರಳಿಗೂ ಕಪ್ಪು ಮೆಹಂದಿ, ಮೆಷಿನ್ ಗೆರೆ ಗೆರೆ ತೋರಿಸ್ತದೆ ಬಿಟ್ರೆ ನಂಬರ್ ಇಲ್ಲ. ಕೊನೆಗೆ ಕಾಲಿನ ಬೆರಳಿಗೆ ಹಾಕಿದ್ದು. ನೈಲ್ ಪಾಲಿಶ್ ಇದ್ರೆ ಕ್ಲಿಪ್ಪನ್ನು ಅಡ್ಡ ತಿರುಗಿಸಿ ಹಾಕ್ತೇನೆ. ಹೈವೇಯಲ್ಲಿ ಆರು ಲೇನಿನ ಕೆಲಸ ನಡೀತಾ ಇದ್ದಾಗಂತೂ ಗಾಡಿ ಕುಣಿಯುವ ಹೊಡೆತಕ್ಕೆ ನಂಬರೂ ಕುಣೀತಿತ್ತು, ಗಾಡಿ ಒಂದು ಕಡೆ ನಿಂತಾಗ ನೋಡಿದ್ದು ಮಾತ್ರ ಲೆಕ್ಕ.

ಇನ್ನೊಂದು, ಇದನ್ನು ಯಾರೂ ನಮಗೆ ಹೇಳಿರ್ಲಿಲ್ಲ. ಅಮೆರಿಕದಲ್ಲಿ 2020ರ ಕೊನೆಗೆ ಬಂದ ಒಂದು ಅಧ್ಯಯನದಲ್ಲಿ, ಮೆಷಿನ್ 92ರಿಂದ 96 ತೋರಿಸಿದ ಕಪ್ಪು ವರ್ಣದ ರೋಗಿಗಳಲ್ಲಿ ನೂರಕ್ಕೆ ಸುಮಾರು 12ರಷ್ಟು ಸಲ ರಕ್ತ ಪರೀಕ್ಷೆಯಲ್ಲಿ ನಿಜವಾದ ನಂಬರ್ 88ಕ್ಕಿಂತ ಕೆಳಗಿತ್ತು, ಬಿಳಿಯರಲ್ಲಿ ಅದು ಸುಮಾರು 4. ದಿನವಿಡೀ ಬಿಸಿಲಲ್ಲಿ ದುಡಿಯುವ ನಮ್ಮ ಜನರ ಬೆರಳು ನೋಡಿ, ಚರ್ಮ ದಪ್ಪ, ಬಣ್ಣ ಕಪ್ಪು. ಹಾಗಾಗಿ ಕಪ್ಪು ಚರ್ಮದವರಿಗೆ 93 ಅಂತ ಬಂದ್ರೆ ನಾನು ಸಮಾಧಾನ ಪಡುವುದಿಲ್ಲ, ಏದುಸಿರು ಇದ್ರೆ ಮಾಸ್ಕ್ ಹಾಕಿಯೇ ಬಿಡ್ತೇನೆ.

ಹಾಗಂತ ಎಲ್ಲರಿಗೂ ಆಕ್ಸಿಜನ್ ಬಿಡುವುದೂ ಅಲ್ಲ, ಅದಕ್ಕೂ ಪೆಟ್ಟು ತಿಂದಿದ್ದೇನೆ. ನಲವತ್ತು ವರ್ಷ ಬೀಡಿ ಎಳೆದ ಒಬ್ಬರು, ಶ್ವಾಸಕೋಶದ ಹಳೇ ಕಾಯಿಲೆ, ಮನೆಯಲ್ಲಿ 86. ನಾನು ನಿಮಿಷಕ್ಕೆ ಹತ್ತು ಲೀಟರ್ ಆಕ್ಸಿಜನ್ ಬಿಟ್ಟೆ, 98 ಆಯ್ತು, ನನಗೆ ಖುಷಿಯೋ ಖುಷಿ. ಕುಂಬಳೆ ದಾಟುವಾಗ ಅವರು ತೂಕಡಿಸ್ಲಿಕ್ಕೆ ಸುರು ಮಾಡಿದ್ರು, ಪಾಪ ಸುಸ್ತಾಗಿ ನಿದ್ದೆ ಹೋದ್ರು ಅಂತ ಬಿಟ್ಟೆ. ಅದು ನಿದ್ದೆ ಅಲ್ಲ, ಇಂಗಾಲದ ಡೈಆಕ್ಸೈಡ್ ಒಳಗೆ ತುಂಬಿ ಬಂದ ಮಂಪರು. ಅಂಥವರಿಗೆ 88ರಿಂದ 92ರ ಒಳಗೆ ಇಟ್ರೆ ಸಾಕು ಅಂತ ಡಾಕ್ಟ್ರು ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಈಗ ಅಂಥವರಿಗೆ ಕಡಿಮೆಯಿಂದ ಸುರು ಮಾಡಿ, ನಂಬರ್ ನೋಡ್ತಾ ನೋಡ್ತಾ ಏರಿಸುವುದು, ಐದು ನಿಮಿಷಕ್ಕೊಮ್ಮೆ ಮಾತಾಡಿಸುವುದು. ನಿಜ ಹೇಳ್ಬೇಕಂದ್ರೆ ಇಂಥ ಕೇಸಲ್ಲಿ ಆಕ್ಸಿಮೀಟರ್ ಇಲ್ಲದೆ ನಾನು ಕುರುಡ, ಇದನ್ನು ನಮ್ಮ ಹಾಗೆ ಬರೀ ಪ್ರಥಮ ಚಿಕಿತ್ಸೆ ಕಲಿತವರ ಕೈಗೆ ಕೊಡ್ಬಾರದು ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಆದ್ರೆ ಅದನ್ನು ನೋಡ್ತಾ ಕೂತ್ರೆ ಕೆಲವು ಸಲ ರೋಗಿ ಕೈತಪ್ತಾನೆ. ಎರಡು ವರ್ಷದ ಹಿಂದೆ, ಶೆಡ್ಡಿನ ನೆಲದಲ್ಲಿ ಮಲಗಿದ್ದ ಒಬ್ಬ ಹುಡುಗನಿಗೆ ಬೆಳಗಿನ ಜಾವ ಹೊಟ್ಟೆನೋವು, ಕಣ್ಣು ರೆಪ್ಪೆ ಎತ್ಲಿಕ್ಕೆ ಆಗ್ತಿಲ್ಲ. ಊತ ಇಲ್ಲ, ಗಾಯ ಅಂತ ಕಾಣುವುದೇ ಇಲ್ಲ. ಕಟ್ಟುಹಾವು ಕಚ್ಚಿದ್ರೆ ಹೀಗೇ, ನಿದ್ದೆಯಲ್ಲಿ ಗೊತ್ತೂ ಆಗುವುದಿಲ್ಲ. ಮೆಷಿನ್ 98. ಒಂದೇ ಉಸಿರಲ್ಲಿ ಎಷ್ಟು ಎಣಿಸ್ತೀ ನೋಡುವ ಅಂದೆ. ಮನೆಯಲ್ಲಿ 19ರವರೆಗೆ ಎಣಿಸಿದ. ಬದಿಯಡ್ಕ ಹತ್ತಿರ 12. ಕ್ಲಿಪ್ಪಲ್ಲಿ ಆಗಲೂ 98. ಕುಂಬಳೆಯಲ್ಲಿ 7, ಮಾತು ಮೂಗಿನಿಂದ ಬರ್ತಾ ಇತ್ತು, ಕ್ಲಿಪ್ಪಲ್ಲಿ 97. ವಿಷ ಉಸಿರಿನ ಸ್ನಾಯುಗಳನ್ನು ಒಂದೊಂದಾಗಿ ಹಿಡೀತಾ ಉಂಟು, ಅದರ ಮೇಲೆ ನಾನು ಮಾಸ್ಕೂ ಹಾಕಿದ್ದೇನೆ, ಆ ಆಕ್ಸಿಜನ್ನಿನ ಬಲದಲ್ಲಿ ನಂಬರ್ ಕೊನೇವರೆಗೂ ಚಂದವೇ ಇರ್ತದೆ, ಅದು ಬೀಳುವ ಹೊತ್ತಿಗೆ ಸಮಯ ಮುಗಿದಿರ್ತದೆ. ನಾನು ಆಸ್ಪತ್ರೆಗೆ ಫೋನ್ ಮಾಡಿ 98 ಅಂತ ಹೇಳ್ಲೇ ಇಲ್ಲ, "ಹತ್ತೊಂಬತ್ತಿದ್ದದ್ದು ಏಳಾಗಿದೆ, ವೆಂಟಿಲೇಟರ್ ರೆಡಿ ಇಡಿ" ಅಂದೆ. ಅಂಬು ಬ್ಯಾಗ್ ತೊಡೆ ಮೇಲೆ ಇಟ್ಕೊಂಡಿದ್ದೆ, ಕೊನೆಯ ಹತ್ತು ನಿಮಿಷ ಒತ್ತಬೇಕಾಯ್ತು. ಹುಡುಗ ಬದುಕಿದ.

ಆಸ್ಪತ್ರೆಗೆ ಒಪ್ಪಿಸುವಾಗ ನಂಬರ್ ಒಂದನ್ನೇ ಹೇಳಿದ್ರೆ ಅದಕ್ಕೆ ಅರ್ಥ ಇಲ್ಲ. ಬರೀ ಗಾಳಿಯಲ್ಲಿ ಎಷ್ಟಿತ್ತು, ಎಷ್ಟು ಗಂಟೆಗೆ, ಎಷ್ಟು ಲೀಟರ್ ಬಿಟ್ಟ ಮೇಲೆ ಎಷ್ಟಾಯ್ತು, ಉಸಿರು ಎಷ್ಟು. ಕಾಗದ ಕಳೆದುಹೋಗ್ತದೆ, ಹಾಗಾಗಿ ನಾನು ಬಿಳಿ ಪ್ಲಾಸ್ಟರ್ ಒಂದು ಗೇಣು ಹರಿದು ನನ್ನ ತೊಡೆಗೆ ಅಂಟಿಸಿ ಅದರ ಮೇಲೆ ಪೆನ್ನಲ್ಲಿ ಬರೀತೇನೆ, ಹೋದಾಗ ಕಿತ್ತು ಕೇಸ್ ಶೀಟಿಗೆ ಅಂಟಿಸುವುದು. ಸುರುವಿಗೆ ನರ್ಸ್‌ಗಳು ನಗ್ತಾ ಇದ್ರು, ಈಗ ಒಬ್ರು ನನ್ನನ್ನು ನೋಡಿದ ಕೂಡ್ಲೆ "ಪ್ಲಾಸ್ಟರ್ ಎಲ್ಲಿ" ಅಂತ ಕೈ ಚಾಚ್ತಾರೆ.

ಮೊನ್ನೆ ಹೊಸದಾಗಿ ಸೇರಿದ ಹುಡುಗನ ಕೈಗೆ ಕ್ಲಿಪ್ ಕೊಟ್ಟೆ, ಒಂದು ಕೆಮ್ಮಿನ ಕೇಸು. ಅವನು ಬಟನ್ ಒತ್ತಿದ, ಬೆಳಕೇ ಬರ್ಲಿಲ್ಲ, ಸೆಲ್ ಮುಗಿದಿತ್ತು, ನಾನೇ ಹಾಕ್ಲಿಕ್ಕೆ ಮರೆತದ್ದು. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಮೆಷಿನ್ ಕಿಸೆಗೆ ಹಾಕಿ, ಅಜ್ಜಿಯ ಮಣಿಕಟ್ಟು ಹಿಡಿದು ಹೊಟ್ಟೆಯ ಕಡೆ ನೋಡ್ಲಿಕ್ಕೆ ಸುರು ಮಾಡಿದ. "ಇಪ್ಪತ್ತೆಂಟು ಅಣ್ಣ" ಅಂದ. ನಾನು ಎಣಿಸಿದ್ದೂ ಇಪ್ಪತ್ತೆಂಟೇ.